ಕಟ್ಟೆಯ ಮೇಲೆ ಸುಮ್ಮನೆ ಕುಳಿತವನು

ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ನಮ್ಮ ಮುರುಮದಲ್ಲಿ ಅಗಸಿಯನ್ನು ದಾಟಿ ಊರೊಳಗೆ ಬರುವ ಹಾದಿಯ ಬಲಮಗ್ಗುಲಿಗೆ ಬೇವಿನ ನೆರಳು ಬೀಳುವ ಒಂದು ಕಟ್ಟೆಯುಂಟು. ಆ ಕಟ್ಟೆಯ ಮೇಲೆ ಮುಂಜಾನೆಯಿಂದ ಬಿಸಿಲೇರುವ ತನಕ, ಒಮ್ಮೊಮ್ಮೆ ದೀಪ ಹಚ್ಚುವ ಹೊತ್ತಿನ ಪರ್ಯಂತವೂ, ಮೂವತ್ತರ ಆಚೀಚೆಯ ಒಬ್ಬ ತರುಣನು ಮೊಣಕಾಲುಗಳ ಮೇಲೆ ಎರಡೂ ಕೈಗಳನ್ನು ಊರಿಕೊಂಡು ಸುಮ್ಮನೆ ಕುಳಿತಿರುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಅವನ ವಯಸ್ಸನ್ನು ಕೇಳಿದರೆ ತಾಯಿಯು ಇಸವಿಯನ್ನು ಹೇಳುವುದಿಲ್ಲ. “ಭೂಕಂಪ ಆದ ಮುಂದಿನ ವರ್ಷ ಹುಟ್ಟಿದಾನ್ರಿ, ಮಾಸ್ತರ” ಎನ್ನುತ್ತಾಳೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ನೆಲ ನಡುಗಿ, ಔಸಾ ಮತ್ತು ಉಮರ್ಗಾ ತಾಲೂಕುಗಳ ಸಾವಿರಾರು ಜನರು ಕಲ್ಲುಮಣ್ಣಿನ ಗೋಡೆಗಳ ಕೆಳಗೆ ಸಿಕ್ಕಿ ಸತ್ತ ತರುವಾಯ ಈ ಸೀಮೆಯವರು ಕಾಲವನ್ನು ಎಣಿಸುವ ಪಂಚಾಂಗವೇ ಬೇರೆಯಾಗಿ ಹೋಗಿದೆ.

ಈ ತರುಣನು ಮೊದಲು ಹೀಗೆ ಸುಮ್ಮನಿದ್ದವನಲ್ಲ. ಊರಿನ ಇತರ ಹುಡುಗರಂತೆ ಅವನೂ ಪುಣೆಗೆ ಹೋಗಿ ಯಾವುದೋ ಕಾರಖಾನೆಯಲ್ಲಿ ದುಡಿಯುತ್ತಿದ್ದನು. ಅಲ್ಲಿ ನಿದ್ದೆಗೆಟ್ಟು, ಊಟ ಬಿಟ್ಟು, ಒಂದು ದಿನ ಹಾಸಿಗೆಬಟ್ಟೆಯನ್ನೂ ಕೋಣೆಯಲ್ಲಿಯೇ ಬಿಟ್ಟು ಬರಿಗಾಲಿನಿಂದ ಊರಿಗೆ ಬಂದನು. “ಮಂದಿ ನನ್ನ ಬಗ್ಗೆ ಆಡ್ಕೋಲಾಕತ್ತಾರ” ಎಂದು ಅವನು ಹೇಳಿದಾಗ ಮನೆಯವರು ಅದನ್ನು ಚಾಡಿಯ ಮಾತೆಂದು ತಿಳಿದರು. ಆ ಮಂದಿ ವಿದ್ಯುತ್ತಿನ ತಂತಿಯೊಳಗಿಂದ ಆಡಿಕೊಳ್ಳುತ್ತಿದ್ದಾರೆಂದು ಅವನು ವಿವರಿಸಿದ ರಾತ್ರಿಯಷ್ಟೇ ಎಲ್ಲರಿಗೂ ಎದೆ ಝಲ್ಲೆಂದಿತು. ಅಂದು ಊರು ಅವನನ್ನು ಕೈಬಿಡಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಗಾಳಿ ಬಡಿದಿದೆ ಎಂದು ಒಬ್ಬರು, ಕರಣಿ ಮಾಡಿದ್ದಾರೆ ಎಂದು ಇನ್ನೊಬ್ಬರು. ನಿಂಬೆಹಣ್ಣು ತಂದವರು ಕೆಲವರು, ಗಾಣಗಾಪುರಕ್ಕೆ ಹೋಗಲು ಜೀಪು ಗೊತ್ತುಮಾಡಿ ಕೊಟ್ಟವರು ಕೆಲವರು. ಅರಚುವವನಿಗೆ ಸಲ್ಲತಕ್ಕ ಒಂದು ಪದ್ಧತಿ ನಮ್ಮ ಊರುಗಳಲ್ಲಿ ಇದ್ದೇ ಇದೆ. ಕಡೆಗೆ ಒಬ್ಬ ವೈದ್ಯರ ಬಳಿಗೂ ಒಯ್ದರು, ಸೂಜಿ ಚುಚ್ಚಿದರು, ಗುಳಿಗೆ ಕೊಟ್ಟರು. ತಂತಿಯೊಳಗಿನ ಮಂದಿ ಎರಡು ತಿಂಗಳಲ್ಲಿ ದೂರವಾದರು. ಆಗಿನಿಂದ ಅವನು ಆ ಕಟ್ಟೆಯ ಮೇಲೆ ಇದ್ದಾನೆ, ಮತ್ತು ಆಗಿನಿಂದ ಊರು ಅವನನ್ನು ‘ಆಳಸಿ’, ಎಂದರೆ ಸೋಮಾರಿ, ಎನ್ನುತ್ತಿದೆ.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲವೂ ಆ ಒಂದು ಪದದಲ್ಲಿ ಅಡಗಿದೆ. ಚಿತ್ತವಿಕಲತೆಯೆಂದೂ ಛಿದ್ರಮನಸ್ಕತೆಯೆಂದೂ ನಮ್ಮ ಗ್ರಂಥಕರ್ತರು ಕರೆದಿರುವ, ವೈದ್ಯರು ಸ್ಕಿಜೋಫ್ರೇನಿಯಾ ಎನ್ನುವ ಈ ವ್ಯಾಧಿಗೆ ಎರಡು ಮುಖಗಳಿವೆ: ಇಲ್ಲದ ಧ್ವನಿಯನ್ನು ಕೇಳಿಸುವ, ಇಲ್ಲದ ವೈರಿಯನ್ನು ಕಾಣಿಸುವ ಉಗ್ರಮುಖವೊಂದು, ಇಚ್ಛೆಯನ್ನೂ ಉತ್ಸಾಹವನ್ನೂ ಮಾತನ್ನೂ ಮೆಲ್ಲಮೆಲ್ಲನೆ ಹೀರಿಬಿಡುವ ಮೌನಮುಖ ಇನ್ನೊಂದು. ಔಷಧವು ಮೊದಲನೆಯದನ್ನು ಬಹುಮಟ್ಟಿಗೆ ಅಡಗಿಸಬಲ್ಲದು. ಎರಡನೆಯದರ ಮೇಲೆ ಅದರ ಪ್ರಭಾವ ತೀರ ಅಲ್ಪ. ಮುಂಜಾನೆ ಎದ್ದು ಮುಖ ತೊಳೆಯುವುದಕ್ಕೂ ಯಾರೋ ಹತ್ತು ಸಲ ಕರೆಯಬೇಕಾಗುವ ಈ ಸ್ಥಿತಿಯು ರೋಗದ ಅಂಗವೆಂದು ತಿಳಿದವರು ಅತಿ ವಿರಳ. ಅದನ್ನು ಶೀಲದೋಷವೆಂದು ಬಗೆದವರೇ ಎಲ್ಲರೂ. ಹುಚ್ಚು ಹಿಡಿದಾಗ ಕರುಣೆ ತೋರಿದ ಅದೇ ನಾಲಗೆಗಳು ಹುಚ್ಚು ಇಳಿದ ಮೇಲೆ ಕೂಳಿಗೆ ದಂಡವೆಂದು ಆಡತೊಡಗುತ್ತವೆ. ಚೇತರಿಕೆಗೆ ಇರುವ ಅಡ್ಡಿಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ವೈದ್ಯರ ಕೊರತೆಯಿಂದಲೂ ಮೂಢನಂಬಿಕೆಯಿಂದಲೂ ಪ್ರಾರಂಭಿಸುತ್ತಾರೆ, ಅವೆರಡೂ ಸತ್ಯವೇ. ಆದರೆ ನನ್ನ ಅನುಭವಕ್ಕೆ ಬಂದಂತೆ ನಿಜವಾದ ಅಡ್ಡಿಯು ಧ್ವನಿಗಳು ನಿಂತ ಮರುದಿನದಿಂದ ಶುರುವಾಗುತ್ತದೆ, ಮತ್ತು ಅಂದಿನಿಂದ ಅವನನ್ನು ಕೇಳಲು ಬರುವವರು ಯಾರೂ ಇರುವುದಿಲ್ಲ.

ಒಂದು ದಿನ ಆ ತಾಯಿಯ ಸಂಗಡ ನಾನೂ ಒಂದು ದೊಡ್ಡ ದವಾಖಾನೆಗೆ ಹೋಗಿದ್ದೆನು. ಅದು ಯಾವ ಊರಿನದೆಂಬುದು ಇಲ್ಲಿ ಬೇಡ. ಈ ಸೀಮೆಯ ಸುತ್ತಲಿನ ಯಾವ ಊರಿನ ಹೆಸರನ್ನು ಹಾಕಿದರೂ ಕಥೆಯು ಬದಲಾಗದು. ಬೆಳಗಿನ ಎಸ್ಟಿ ಬಸ್ಸಿಗೆ ಹೊರಟು, ಉಮರ್ಗಾದಲ್ಲಿ ಇಳಿದು ಬೇರೊಂದು ಬಸ್ಸು ಹತ್ತಿ, ಚೀಟಿಯ ಸಾಲಿನಲ್ಲಿ ನಿಂತು, ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ತಾಯಿಯ ಕೈಯಲ್ಲಿ ಜವಳಿ ಅಂಗಡಿಯ ಒಂದು ಚೀಲ; ಅದರಲ್ಲಿ ರಬ್ಬರ್ ಬ್ಯಾಂಡಿನಿಂದ ಸುತ್ತಿದ ಹಳೆಯ ಚೀಟಿಗಳು, ತಿಂದು ಮುಗಿಸಿದ ಗುಳಿಗೆಗಳ ಖಾಲಿ ಪಟ್ಟಿಗಳು, ಎರಡು ಜೋಳದ ರೊಟ್ಟಿ. ಖಾಲಿ ಪಟ್ಟಿಗಳನ್ನೇಕೆ ತಂದೆಯೆಂದು ಕೇಳಿದ್ದಕ್ಕೆ, “ಹೆಸರು ನನಗ ಓದಾಕ ಬರಂಗಿಲ್ರಿ, ತೋರಿಸಿದ್ರ ಅವರಿಗೆ ತಿಳಿತದ” ಎಂದಳು. ಒಳಗಿದ್ದ ತರುಣ ವೈದ್ಯರು ಸೌಜನ್ಯಶೀಲರು. ಅವರ ಮೇಲೆ ನನಗೆ ದೂರಿಲ್ಲ. ಅವರಿಗೆ ಕನ್ನಡ ಬಾರದು. ತಾಯಿಗೆ ಸಂತೆಯ ಮರಾಠಿ ಬರುವುದು: ಸೋಯಾಬೀನಿನ ದರ ಕೇಳುವಷ್ಟು, ಬಸ್ಸಿನಲ್ಲಿ ಸ್ಥಳ ಬೇಡುವಷ್ಟು. ಮಗನ ಅಂತರಂಗವನ್ನು ಹೇಳುವಷ್ಟು ಬಾರದು. ಆದುದರಿಂದ ಶಾಲೆಯಲ್ಲಿ ಮರಾಠಿ ಓದಿದ, ಹದಿನೇಳು ವರ್ಷದ ತಂಗಿಯೇ ದುಭಾಷಿಯಾದಳು.

“ಆವಾಜ್ ಐಕೂ ಯೇತಾತ್ ಕಾ?”, ಧ್ವನಿಗಳು ಕೇಳಿಬರುತ್ತವೆಯೇ, ಎಂದು ವೈದ್ಯರು ಕೇಳಿದರು. ಹುಡುಗಿಯು ಅಣ್ಣನಿಗೆ, “ಅಣ್ಣಾ, ಸಪ್ಪಳ ಕೇಳತದೇನೋ?” ಎಂದಳು. ಇಲ್ಲವೆಂದು ಅವನು ತಲೆಯಾಡಿಸಿದನು. ಅವನಿಗೆ ಸಪ್ಪಳವು ಎಂದೂ ಕೇಳಿದ್ದಿಲ್ಲ, ಕೇಳಿದ್ದು ‘ಮಂದಿ ಆಡಿಕೊಳ್ಳುವುದು’. ಆ ಆಡಿಕೊಳ್ಳುವ ಮಾತುಗಳಲ್ಲಿ ತಂಗಿಯ ಶೀಲವನ್ನು ಕುರಿತ ಹೊಲಸು ಮಾತುಗಳೂ ಇದ್ದವೆಂಬುದನ್ನು ನಾನು ಮುಂದೆ ತಾಯಿಯ ಬಾಯಿಂದ ತಿಳಿದೆನು. ಅವುಗಳನ್ನು ಆ ಹುಡುಗಿಯು ಪರಪುರುಷನೊಬ್ಬನ ಮುಂದೆ, ಅದೂ ಮರಾಠಿಯಲ್ಲಿ, ಹೇಗೆ ಹೇಳಿಯಾಳು? ಹೇಳಲಿಲ್ಲ. ಕೈ ನಡುಗುತ್ತವೆಂದು ಹೇಳಲು ತಾಯಿಯು ತನ್ನ ಕೈಯನ್ನೇ ನಡುಗಿಸಿ ತೋರಿಸಿದಳು. ಅದನ್ನು ಅವಳದೇ ವಾತದ ಬೇನೆಯೆಂದು ಬಗೆದು ವೈದ್ಯರು ಮಗ್ಗುಲ ಕೋಣೆಗೆ ಬೆರಳು ತೋರಿಸಿದರು. ನಾಲ್ಕು ನಿಮಿಷಗಳಲ್ಲಿ ಎಲ್ಲವೂ ಮುಗಿದು, ಹಳೆಯ ಚೀಟಿಯ ಕೆಳಗೆ ಹಳೆಯ ಗುಳಿಗೆಗಳನ್ನೇ ಇನ್ನೊಮ್ಮೆ ಬರೆದುಕೊಟ್ಟರು. ನಾನು ನಡುವೆ ಬಾಯಿ ಹಾಕಿದೆನಾದರೂ, ಮನೆಯವನಲ್ಲದವನ ಮಾತಿಗೆ ಅಲ್ಲಿ ಎಷ್ಟು ಬೆಲೆಯಿರಬೇಕೋ ಅಷ್ಟೇ ಇತ್ತು.

ಮೈಯ ಬೇನೆಯನ್ನು ಬೆರಳಿನಿಂದ ತೋರಿಸಬಹುದು. ಮನಸ್ಸಿನ ಬೇನೆಗೆ ಮಾತಲ್ಲದೆ ಬೇರೆ ನಾಡಿಯಿಲ್ಲ. ಆ ಮಾತು ತೊಟ್ಟಿಲ ಮಾತೇ ಆಗಿರಬೇಕಾಗುತ್ತದೆ. ಕನ್ನಡವು ಈ ವಿಷಯದಲ್ಲಿ ದರಿದ್ರ ಭಾಷೆಯೇನೂ ಅಲ್ಲ: ‘ಕೊರವಂಜಿ’ ಪತ್ರಿಕೆಯಲ್ಲಿ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಮರು ಬರೆದ ‘ಮನಮಂಥನ’ವು ಮನೋವೈದ್ಯವನ್ನು ಕುರಿತ ಗ್ರಂಥವಾಗಿದ್ದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು, ನಿಮ್ಹಾನ್ಸಿನ ಸಿ. ಆರ್. ಚಂದ್ರಶೇಖರರು ಸಾಮಾನ್ಯ ಓದುಗನಿಗಾಗಿ ಬರೆದ ಪುಸ್ತಕಗಳು ಒಂದು ಕಪಾಟನ್ನೇ ತುಂಬುವಷ್ಟಿವೆ. ಆದರೆ ಪುಸ್ತಕದ ಕನ್ನಡವು ಬೆಂಗಳೂರಿನಿಂದ ಹೊರಟು ಆಳಂದದ ತನಕ ಬಂದು ನಿಂತುಬಿಡುತ್ತದೆ, ಮನೆಯ ಕನ್ನಡವು ಎಲ್ಲೆಯ ಈಚೆಗೂ ಮುಂದುವರಿದಿದೆ. ಈ ಎರಡರ ನಡುವಿನ ಅಂತರದಲ್ಲಿ ಉಮರ್ಗಾ, ನಿಲಂಗಾ, ಉದಗೀರಗಳ ನೂರಾರು ಮನೆಗಳಿವೆ.

ಎಲ್ಲೆಯ ಮಾತು ಬಂದುದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ಈ ಸೀಮೆಯೆಲ್ಲವೂ ಒಂದು ಕಾಲಕ್ಕೆ ನಿಜಾಮರ ಹೈದರಾಬಾದು ಸಂಸ್ಥಾನದ ಭಾಗವಾಗಿತ್ತು. ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು, ಉಮರ್ಗಾ ಇಂದು ಧಾರಾಶಿವವೆನಿಸಿದ ಉಸ್ಮಾನಾಬಾದಿಗೆ ಸೇರಿತ್ತು. ಆ ಸಂಸ್ಥಾನದ ಮಾನಸಿಕ ಆಸ್ಪತ್ರೆಯು ಇದ್ದುದು ಎಲ್ಲಿ ಎಂಬುದು ಇಂದಿನವರಿಗೆ ಆಶ್ಚರ್ಯವನ್ನು ಉಂಟುಮಾಡೀತು: ಅದು ಇದೇ ಮರಾಠವಾಡದ ಜಾಲನಾದಲ್ಲಿತ್ತು. 1953ರಲ್ಲಿ ಅದನ್ನು ಹೈದರಾಬಾದಿನ ಎರ್ರಗಡ್ಡೆಗೆ ಸ್ಥಳಾಂತರಿಸಿದರು. ಮೂರು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ಸಂಸ್ಥಾನವೇ ಮೂರು ತುಂಡಾಯಿತು. ಆಸ್ಪತ್ರೆಯು ಆಂಧ್ರಕ್ಕೆ ಹೋಯಿತು. ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರಿಗೆ ಹೋದವು. ಕನ್ನಡ ಮಾತಾಡುವ ನಮ್ಮ ಮನೆಗಳು ಮರಾಠವಾಡದೊಡನೆ ಮುಂಬಯಿ ರಾಜ್ಯಕ್ಕೆ ಹೋದವು. ಮಹಾರಾಷ್ಟ್ರಕ್ಕೆ ಇರುವ ಪ್ರಾದೇಶಿಕ ಮನೋರುಗ್ಣಾಲಯಗಳು ನಾಲ್ಕು: ಠಾಣೆ, ಪುಣೆಯ ಯರವಡಾ, ನಾಗಪುರ, ರತ್ನಾಗಿರಿ. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ನಾಲ್ಕೂ ಮರಾಠವಾಡದ ಹೊರಗೇ ಇವೆ. ಜಾಲನಾದಲ್ಲಿ ಅಂಥದೊಂದನ್ನು ಸ್ಥಾಪಿಸಲು ಈಚಿನ ವರ್ಷಗಳಲ್ಲಿ ಸರಕಾರವು ಮಂಜೂರಾತಿ ನೀಡಿದೆ. ಏಳು ದಶಕಗಳ ಹಿಂದೆ ಹೊರಟುಹೋದುದನ್ನು ಹೊಸ ಅನುಗ್ರಹವೆಂಬಂತೆ ಮರಳಿ ಕೊಡುವುದಕ್ಕೆ ನಮ್ಮ ರಾಜ್ಯಭಾರವು ತೆಗೆದುಕೊಳ್ಳುವ ಕಾಲವನ್ನು ನೋಡಿದರೆ ಭೂಗರ್ಭಶಾಸ್ತ್ರವೇ ನೆನಪಾಗುತ್ತದೆ.

ಆದರೆ ದೊಡ್ಡ ಆಸ್ಪತ್ರೆಯೊಂದು ಬಂದರೆ ಕಟ್ಟೆಯ ಮೇಲಿನವನ ಪಾಡು ನೀಗುವುದೆಂಬ ಭ್ರಮೆ ನನಗಿಲ್ಲ. ಮುರುಮಕ್ಕೆ ಜಾಲನಾ ಎಷ್ಟು ದೂರ! 2017ರ ಮಾನಸಿಕ ಆರೋಗ್ಯ ಸೇವೆ ಅಧಿನಿಯಮವು 2018ರ ಮೇ 29ರಿಂದ ಜಾರಿಯಲ್ಲಿದೆ; ಮಾನಸಿಕ ರೋಗಿಯು ಚಿಕಿತ್ಸೆಗಾಗಿ ಬಹುದೂರ ಪ್ರಯಾಣ ಮಾಡುವಂತೆ ಆಗಕೂಡದು, ಅವನು ವಾಸಿಸುವ ಸ್ಥಳದ ಸಮೀಪದಲ್ಲಿಯೇ ಸೇವೆಯು ದೊರೆಯತಕ್ಕದ್ದು ಎಂದು ಅದರ 18ನೆಯ ಪ್ರಕರಣವು ವಿಧಿಸುತ್ತದೆ. ರೋಗದ ಸ್ವರೂಪವನ್ನೂ, ಕೊಡುವ ಚಿಕಿತ್ಸೆಯನ್ನೂ, ಅದರಿಂದ ಆಗಬಹುದಾದ ಉಪದ್ರವಗಳನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳತಕ್ಕದ್ದು ಎಂಬುದು 22ನೆಯ ಪ್ರಕರಣ. ‘ತಿಳಿಯುವ ಭಾಷೆ’ ಎಂದರೆ ರಾಜ್ಯದ ಭಾಷೆಯಲ್ಲ, ರೋಗಿಯ ಭಾಷೆ. ಇಷ್ಟು ಸ್ಫುಟವಾದ, ಇಷ್ಟು ಮಾನವೀಯವಾದ ಶಾಸನವನ್ನು ಓದಿದಾಗ ಸಂತೋಷವಾಗುತ್ತದೆ; ಓದಿ ಮುಗಿಸಿ ತಾಯಿಯ ಚೀಲದ ಕಡೆಗೆ ನೋಡಿದಾಗ ಅದು ಯಾವ ದೇಶದ ಶಾಸನವೆಂದು ಸಂಶಯ ಬರುತ್ತದೆ. ನಿಮ್ಹಾನ್ಸಿನವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ಬಗೆಯ ಉಗ್ರವ್ಯಾಧಿಯುಳ್ಳವರಲ್ಲಿಯೂ ನಾಲ್ವರಲ್ಲಿ ಮೂವರಷ್ಟು ಜನರು ಚಿಕಿತ್ಸೆಯ ಹೊರಗೇ ಉಳಿದಿದ್ದರು.

ಹಾಗಾದರೆ ಕಲಬುರ್ಗಿಗೆ ಹೋಗಬಾರದೇಕೆ, ಅಲ್ಲಿ ಕನ್ನಡ ಬಲ್ಲ ವೈದ್ಯರು ಇರುವರಲ್ಲ, ಎಂದು ಓದುಗರು ಕೇಳಬಹುದು. ಹೋಗುತ್ತಾರೆ, ಆಳಂದದ ಮೇಲೆ ಹಾಯ್ದು ಎಷ್ಟೋ ಮನೆಯವರು ಹೋಗುತ್ತಾರೆ. ಬೆಣ್ಣೆತೊರೆಯ ನೀರಿಗೆ ಎಲ್ಲೆಯ ಕಲ್ಲು ಕಾಣದು, ನೆಂಟಸ್ತನಕ್ಕೂ ಕಾಣದು. ಸರಕಾರಿ ಕಾಗದಕ್ಕೆ ಮಾತ್ರ ಅದು ಬೆಟ್ಟದಂತೆ ಕಾಣುತ್ತದೆ. ಆರೋಗ್ಯ ಯೋಜನೆಯ ಕಾರ್ಡು ಆಯಾ ರಾಜ್ಯದ್ದು. ದಿವ್ಯಾಂಗರ ಗುರುತಿನ ಚೀಟಿಯು ದೇಶವಿಡೀ ನಡೆಯತಕ್ಕದ್ದಾದರೂ ಮಾಸಾಶನವು ಆಯಾ ರಾಜ್ಯದ್ದು, ಅದಕ್ಕೆ ವಾಸದ ದಾಖಲೆ ಬೇಕು. ನಾನು ಬಲ್ಲ ಒಂದು ಮನೆಯ ಹೆಣ್ಣುಮಗಳನ್ನು ಎಲ್ಲೆಯ ಆಚೆಯ ಹಳ್ಳಿಗೆ ಕೊಟ್ಟಿದ್ದರು; ಚೊಚ್ಚಲ ಹೆರಿಗೆಯ ತರುವಾಯ ಅವಳಿಗೆ ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಬೇನೆ ಬಂದಿತು. ಅದು ಬೇಗನೆ ಚಿಕಿತ್ಸೆ ಮಾಡಿದರೆ ಚೆನ್ನಾಗಿ ಗುಣವಾಗತಕ್ಕ ಬೇನೆ. ಗಂಡನ ಮನೆಯವರು ಕೂಸನ್ನು ಇಟ್ಟುಕೊಂಡು ಅವಳನ್ನು ತವರಿಗೆ ಕಳಿಸಿದರು. ಮದುವೆಯಾದೊಡನೆ ಅವಳ ಆಧಾರವೂ ರೇಷನ್ ಕಾರ್ಡೂ ಕರ್ನಾಟಕದ ವಿಳಾಸಕ್ಕೆ ಬದಲಾಗಿದ್ದವು. ಈಗ ಸಂಜಯ ಗಾಂಧಿ ನಿರಾಧಾರ ಯೋಜನೆಗೆ ಅರ್ಜಿ ಕೊಡಲು ಹೋದರೆ ನೀನು ಈ ರಾಜ್ಯದವಳಲ್ಲ ಎನ್ನುತ್ತಾರೆ, ಆಚೆಗೆ ಹೋಗಿ ಕೇಳಲು ಗಂಡನ ಮನೆಯ ಬಾಗಿಲು ತೆರೆಯದು. ಅವಳ ಬುದ್ಧಿ ಈಗ ಸ್ಥಿಮಿತದಲ್ಲಿಯೇ ಇದೆ. ಯಾವ ಕಚೇರಿಯ ಬುದ್ಧಿಗೆ ಚಿಕಿತ್ಸೆ ಬೇಕೆಂಬುದನ್ನು ಓದುಗರೇ ತೀರ್ಮಾನಿಸಲಿ.

ಎಲ್ಲೆಯನ್ನು ದಾಟಿ ಕೈ ಚಾಚಲು ಸರಕಾರಗಳಿಗೆ ಬರುವುದಿಲ್ಲವೆಂದಲ್ಲ. ಕರ್ನಾಟಕದಲ್ಲಿರುವ, ತನ್ನವೆಂದು ತಾನು ವಾದಿಸುತ್ತಿರುವ 865 ಗ್ರಾಮಗಳ ಜನರಿಗೆ ತನ್ನ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯ ಲಾಭವನ್ನು ಕೊಡಲು ಮಹಾರಾಷ್ಟ್ರವು 2023ರಲ್ಲಿ ನಿರ್ಧರಿಸಿತು. ಕರ್ನಾಟಕವು ಅದನ್ನು ಪ್ರತಿಭಟಿಸಿತು. ವಾದದ ನ್ಯಾಯಾನ್ಯಾಯ ಇಲ್ಲಿ ನನಗೆ ಪ್ರಸ್ತುತವಲ್ಲ. ಧ್ವಜಕ್ಕಾಗಿ ದಾಟಬಲ್ಲ ಎಲ್ಲೆಯನ್ನು ಗುಳಿಗೆಗಾಗಿಯೂ ದಾಟಬಹುದಲ್ಲವೆ ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನು ದೇವಸ್ಥಾನಗಳ ಮಾತು. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರಕ್ಕೆ ದತ್ತಾತ್ರೇಯನ ಸನ್ನಿಧಿಯಲ್ಲಿ ಗಾಳಿ ಬಿಡಿಸಿಕೊಳ್ಳಲು ಈ ಸೀಮೆಯವರು ತಲೆತಲಾಂತರದಿಂದ ಹೋಗುತ್ತಿದ್ದಾರೆ. ಆರತಿಯ ಹೊತ್ತಿಗೆ ಅಲ್ಲಿ ಕೂಗುವವರನ್ನೂ ಕಂಬವನ್ನೇರುವವರನ್ನೂ ನೋಡಿದವನು ಆ ದೃಶ್ಯವನ್ನು ಮರೆಯಲಾರನು. ಇದೆಲ್ಲವೂ ಬರಿಯ ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರ ಪಂಕ್ತಿಯಲ್ಲಿ ಕೂಡಲು ನಾನು ಸಿದ್ಧನಿಲ್ಲ. ತಮಿಳುನಾಡಿನ ಒಂದು ದೇವಾಲಯದಲ್ಲಿ ಕೆಲಕಾಲ ತಂಗಿದ್ದ 31 ಮಂದಿ ರೋಗಿಗಳನ್ನು ಆರ್. ರಘುರಾಮ್ ಮತ್ತು ಸಂಗಡಿಗರು ಪರೀಕ್ಷಿಸಿ, ಔಷಧವಾಗಲಿ ಮಂತ್ರವಾಗಲಿ ಇಲ್ಲದೆಯೇ, ಸುರಕ್ಷಿತವಾದ ಒಂದು ಆಶ್ರಯದಲ್ಲಿ ಮನೆಯವರೊಡನೆ ಇದ್ದುದರಿಂದಲೇ ಅವರ ಲಕ್ಷಣಗಳು ಐದನೆಯ ಒಂದಂಶದಷ್ಟು ಇಳಿದುದನ್ನು 2002ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ದೇವಸ್ಥಾನದಲ್ಲಿ ರೋಗಿಯನ್ನು ಯಾರೂ ಆಳಸಿ ಎನ್ನುವುದಿಲ್ಲವಷ್ಟೆ! ಆದರೆ ಆಶ್ರಯವು ಸಂಕೋಲೆಯಾದಲ್ಲಿ ಏನಾಗುವುದೆಂಬುದಕ್ಕೆ ತಮಿಳುನಾಡಿನ ದರ್ಗಾದ ಊರಾದ ಏರ್ವಾಡಿಯು ಸಾಕ್ಷಿ: 2001ರ ಆಗಸ್ಟ್ 6ರ ನಸುಕಿನಲ್ಲಿ ಗುಡಿಸಲಿಗೆ ಹತ್ತಿದ ಬೆಂಕಿಯಿಂದ, ಸರಪಳಿ ಬಿಗಿದಿದ್ದ ಕಾರಣ ಓಡಲಾರದೆ, 28 ಜನರು ಬೆಂದು ಸತ್ತರು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಮಗ್ಗುಲಿಗೇ ಮನೋವೈದ್ಯರ ಚಿಕಿತ್ಸೆಯನ್ನೂ ಏರ್ಪಡಿಸಿ, ದವಾ ಮತ್ತು ದುಆ ಎರಡನ್ನೂ ಒಂದೇ ಅಂಗಳದಲ್ಲಿ ನಡೆಸಿದ್ದಾರೆ. ಎರಡು ರಾಜ್ಯಗಳ ಜನರು ಕೂಡುವ ಗಾಣಗಾಪುರಕ್ಕಿಂತ ಇದಕ್ಕೆ ಯೋಗ್ಯವಾದ ಸ್ಥಳವು ನಮ್ಮಲ್ಲಿ ಯಾವುದಿದ್ದೀತು?

ನಮ್ಮವರಿಗೆ ಇನ್ನೊಂದು ಹೆಮ್ಮೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯು 1960ರ ದಶಕದ ಕೊನೆಯಲ್ಲಿ ನಮ್ಮ ಆಗ್ರಾವೂ ಸೇರಿದಂತೆ ಒಂಬತ್ತು ದೇಶಗಳ ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಈ ರೋಗಿಗಳು ಪಶ್ಚಿಮಕ್ಕಿಂತ ಭಾರತ, ನೈಜೀರಿಯಗಳಲ್ಲಿ ಹೆಚ್ಚು ಚೆನ್ನಾಗಿ ಗುಣಮುಖರಾದರೆಂದು ಕಂಡುಬಂದಾಗಿನಿಂದ, ನಮ್ಮ ಅವಿಭಕ್ತ ಕುಟುಂಬವೇ ಪರಮೌಷಧವೆಂಬ ನುಡಿಯು ವೇದಿಕೆಗಳಲ್ಲಿ ಬೀಡುಬಿಟ್ಟಿದೆ. ಮುಂದೆ ವಿದ್ವಾಂಸರೇ ಆ ಸಿದ್ಧಾಂತವನ್ನು ಪ್ರಶ್ನಿಸಿದರು, ಚೆನ್ನೈಯ ಆರ್. ತಾರಾ ಅವರೂ ಅವರಲ್ಲಿ ಒಬ್ಬರು. ಕುಟುಂಬದ ಶಕ್ತಿಯನ್ನು ನಾನು ಅಲ್ಲಗಳೆಯುವವನಲ್ಲ. 1950ರ ದಶಕದಲ್ಲಿಯೇ ಅಮೃತಸರದ ವಿದ್ಯಾಸಾಗರರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ ಮನೆಯವರನ್ನು ರೋಗಿಯೊಡನೆ ಇರಿಸಿಕೊಂಡು ಜಗತ್ತಿಗೇ ದಾರಿ ತೋರಿದರು. ಆದರೆ ಕಟ್ಟೆಯ ಮೇಲಿನವನ ಕುಟುಂಬವೆಂದರೆ ಯಾರು? ತಂದೆಯು ತೀರಿಕೊಂಡಿದ್ದಾನೆ; ಹಿರಿಯ ಮಗನು ಬೇರೆಯಾಗಿ ಪುಣೆಯಲ್ಲಿದ್ದಾನೆ; ತಂಗಿಯು ಇಂದಲ್ಲ ನಾಳೆ ಗಂಡನ ಮನೆಗೆ ಹೋಗುವವಳು, ಮತ್ತು ಅಣ್ಣನಿಗೆ ಹೀಗಾಗಿದೆಯೆಂಬ ಸುದ್ದಿಯಿಂದ ಆಗಲೇ ಎರಡು ಸಂಬಂಧಗಳು ಮುರಿದಿವೆ. ಮದುವೆ ಮಾಡಿದರೆ ಸರಿಹೋದಾನು ಎನ್ನುವ ಬಂಧುಗಳು ಇನ್ನೊಬ್ಬಳ ಬಾಳನ್ನು ಗುಳಿಗೆಯೆಂದು ಬಗೆದವರು. ಉಳಿದವಳು ಅರವತ್ತರ ತಾಯಿಯೊಬ್ಬಳೇ, ಕೂಲಿಯ ದಿನಗಳನ್ನು ಕಳೆದುಕೊಂಡು ದವಾಖಾನೆಗೆ ಹೋಗುವವಳು.

ಅವಳು ಒಮ್ಮೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ಗುಳಗಿ ತಿಂದ್ರ ಮಧ್ಯಾಹ್ನತನಕ ಮಂಪರು ಇಳಿಯಂಗಿಲ್ರಿ, ಕೈ ನಡಗತಾವ, ಯಾರೂ ಕೆಲಸಕ್ಕ ಕರಿಯಂಗಿಲ್ಲ. ಬಿಟ್ರ ಮತ್ತ ತಂತಿ ನೋಡಾಕ ಶುರು ಮಾಡ್ತಾನ. ಯಾವುದು ಮಾಡ್ಲಿ, ಹೇಳ್ರಿ ಮಾಸ್ತರ.” ರಾಶಿಯ ದಿನಗಳಲ್ಲಿ, ಕೈಗೆ ಕೆಲಸ ಸಿಗುವ ಆ ಕೆಲವು ವಾರಗಳ ಮಟ್ಟಿಗೆ, ಅವನೇ ಗುಳಿಗೆ ಬಿಟ್ಟುಬಿಡುತ್ತಾನೆ; ದುಡಿಯುತ್ತಾನೆ, ನಗುತ್ತಾನೆ, ಊರವರು ಭಲೆ ಎನ್ನುತ್ತಾರೆ. ಕಾರ್ತಿಕ ಕಳೆಯುವ ಹೊತ್ತಿಗೆ ಮತ್ತೆ ನಿದ್ದೆಗೆಡುತ್ತಾನೆ. ಇದನ್ನು ವೈದ್ಯರ ಚೀಟಿಯಲ್ಲಿ ‘ಔಷಧ ಸರಿಯಾಗಿ ತೆಗೆದುಕೊಳ್ಳುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದಾರೆ. ಪ್ರಮಾಣವನ್ನು ಕಡಿಮೆ ಮಾಡುವುದೋ, ರಾತ್ರಿಗೆ ಬದಲಾಯಿಸುವುದೋ, ನಡುಕಕ್ಕೆ ಬೇರೆ ಗುಳಿಗೆ ಕೊಡುವುದೋ, ತಿಂಗಳಿಗೊಮ್ಮೆಯ ಸೂಜಿಗೆ ಹೋಗುವುದೋ, ಉಪಾಯಗಳು ಹಲವಿವೆ. ಆ ಮಾತನ್ನು ಆಡಲು ನಾಲ್ಕು ನಿಮಿಷ ಸಾಲದು, ದುಭಾಷಿಯೂ ಸಾಲದು.

ಮಾಡಿ ತೋರಿಸಿದವರು ಇಲ್ಲದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಇಂದು ದೇಶವೆಲ್ಲ ನಡೆಯುತ್ತಿರುವುದರ ಮೂಲಮಾದರಿಯು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿಯೇ ಹುಟ್ಟಿತು. ನಿಮ್ಹಾನ್ಸಿನವರು 2005ರಿಂದ ತೀರ್ಥಹಳ್ಳಿ ತಾಲೂಕಿನಲ್ಲಿ, ಅನಂತರ ತುರುವೇಕೆರೆಯಲ್ಲಿ, ಆಮೇಲೆ ಜಗಳೂರಿನಲ್ಲಿ, ತಾಲೂಕಿನ ಇಂಥ ರೋಗಿಗಳನ್ನು ಮನೆಮನೆಗೆ ಹೋಗಿ ಗುರುತಿಸಿ, ಊರ ಹತ್ತಿರವೇ ಔಷಧ ಕೊಟ್ಟು, ತಪ್ಪಿಸಿಕೊಂಡವರನ್ನು ಹುಡುಕಿ ಮಾತಾಡಿಸಿ, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡಿದ್ದಾರೆ. ಗೋವಾ, ತಮಿಳುನಾಡು ಮತ್ತು ಇದೇ ಮಹಾರಾಷ್ಟ್ರದ ಸಾತಾರಾಗಳಲ್ಲಿ 282 ಮಂದಿ ರೋಗಿಗಳ ಮೇಲೆ ನಡೆದು 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವೈದ್ಯರ ಚಿಕಿತ್ಸೆಯ ಜೊತೆಗೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗುತ್ತಿದ್ದಲ್ಲಿ ರೋಗಲಕ್ಷಣವೂ ಅಸಾಮರ್ಥ್ಯವೂ ಬರಿಯ ಚಿಕಿತ್ಸೆಗಿಂತ ಹೆಚ್ಚು ಇಳಿದವು. ಫಲವು ಅದ್ಭುತವಲ್ಲ, ಮಿತವೇ. ಮಿತವೆಂದರೂ ಕಟ್ಟೆಯಿಂದ ಎದ್ದು ಹಿಟ್ಟಿನ ಗಿರಣಿಯ ತನಕ ಹೋಗಿ ಬರುವುದು, ತಂಗಿಯೊಡನೆ ಕುಳಿತು ಊಟ ಮಾಡುವುದು. ಇದರ ಬೆಲೆಯನ್ನು ಆ ತಾಯಿಯನ್ನು ಕೇಳಬೇಕು.

ಆದಕಾರಣ ನಾನು ಬೇಡುವುದು ಕಟ್ಟಡವನ್ನಲ್ಲ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಿಗೆ ಕನ್ನಡ ಮರಾಠಿ ಎರಡೂ ಬಲ್ಲ ಒಬ್ಬೊಬ್ಬ ಕಾರ್ಯಕರ್ತೆ ಬೇಕು. ನಮ್ಮ ಆಶಾ ಕಾರ್ಯಕರ್ತೆಯರಲ್ಲಿಯೇ ಅಂಥವರು ಬೇಕಾದಷ್ಟು ಇದ್ದಾರೆ, ಅವರಿಗೆ ತರಬೇತಿಯನ್ನೂ ಅದಕ್ಕೆ ತಕ್ಕ ಪಗಾರವನ್ನೂ ಕೊಟ್ಟರಾಯಿತು. ಊರಿನ ದವಾಖಾನೆಯಲ್ಲಿ ತಿಂಗಳಿಗೊಂದು ಗೊತ್ತಾದ ದಿನ ಗುಳಿಗೆಯು ಸಿಗಬೇಕು; ಕರ್ನಾಟಕದ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಯೋಜನೆಯಂತೆ ಇಲ್ಲಿಯೂ ಒಂದು ವಾರ ಗೊತ್ತಾದರೆ ತಾಯಂದಿರು ಅದನ್ನು ಸಂತೆಯ ದಿನದಂತೆ ನೆನಪಿಡುತ್ತಾರೆ. ಒಂದು ರಾಜ್ಯದ ವೈದ್ಯರು ಬರೆದ ಚೀಟಿಗೆ ಇನ್ನೊಂದು ರಾಜ್ಯದ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುವಂತೆಯೂ, ಗಂಡನ ಮನೆಯಿಂದ ತಳ್ಳಲ್ಪಟ್ಟವಳ ಮಾಸಾಶನವು ಅವಳು ಇರುವಲ್ಲಿಗೆ ಬರುವಂತೆಯೂ ಧಾರಾಶಿವ, ಲಾತೂರ, ಬೀದರ, ಕಲಬುರ್ಗಿ ಜಿಲ್ಲಾಧಿಕಾರಿಗಳು ಒಂದು ದಿನ ಕೂಡಿ ಕುಳಿತು ಗೊತ್ತುಮಾಡಬೇಕು. ಚುನಾವಣೆಯ ಬಂದೋಬಸ್ತಿಗೆ ಗಡಿಜಿಲ್ಲೆಗಳ ಅಧಿಕಾರಿಗಳು ಕೂಡಿ ಕುಳಿತುಕೊಳ್ಳುವುದು ಹೊಸತೇನೂ ಅಲ್ಲ.

ಅಷ್ಟರ ತನಕ ಮನೆಯಲ್ಲಿ ಇಂಥವರಿರುವ ಓದುಗರಲ್ಲಿ ಒಂದೆರಡು ಮಾತು. ಔಷಧದ ಚೀಟಿಯ ಫೋಟೋ ತೆಗೆದು ಇಟ್ಟುಕೊಳ್ಳಿರಿ. ಗುಳಿಗೆಯಿಂದ ಆಗುವ ಉಪದ್ರವವನ್ನು ಮನೆಯಲ್ಲಿಯೇ ನಿಮ್ಮ ಮಾತಿನಲ್ಲಿ ಬರೆಯಿಸಿಕೊಂಡು ಹೋಗಿ ವೈದ್ಯರ ಮುಂದಿಡಿರಿ; ಅವರನ್ನು ಕೇಳದೆ ನಿಲ್ಲಿಸಬೇಡಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ದೂರವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ನಡೆಯುವ ಅದರ ಭಾಷೆಗಳಲ್ಲಿ ಮರಾಠಿಯೂ ಇದೆ, ಕನ್ನಡವೂ ಇದೆ. ಕರೆಗೆ ದುಡ್ಡು ಬೀಳುವುದಿಲ್ಲ.